ಕ್ಯಾತಪ್ಪನ ಟವಲಿನಡಿ

ಚಳ್ಳಕೆರೆ ಸಂತೆಗೆ ಕುರಿ ಕೊಳ್ಳಲು ಬಂದವರು ಮೊದಲು ನಮ್ಮ ದೊಡ್ಡಉಳ್ಳಾರ್ತಿಯ ದಲ್ಲಾಳಿ ಕ್ಯಾತಪ್ಪನನ್ನು ಹುಡುಕುತ್ತಿದ್ದರು. ಅವನು ಕುರಿಯ ಕುತ್ತಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಹೆಬ್ಬೆರಳಿನಿಂದ ಕೆಳತುಟಿ ಮಗುಚಿ ಹಲ್ಲು ನೋಡುತ್ತಿದ್ದ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಎಲ್ಲ ಹಲ್ಲೂ ಬಂದು ಬಾಯಿ ಕೂಡಿದ್ದೋ ಎಂದು ಒಂದೇ ನೋಟಕ್ಕೆ ವಯಸ್ಸು ತಿಳಿಯುತ್ತಿತ್ತು. ಆಮೇಲೆ ಒಳಕೆನ್ನೆ, ವಸಡು, ನಾಲಿಗೆಯ ಅಡಿ. ಹುಣ್ಣು ಕಂಡರೆ ಏನೂ ಹೇಳುತ್ತಿರಲಿಲ್ಲ. ತುಟಿ ಬಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ಎತ್ತಲೋ ನೋಡುತ್ತಿದ್ದ. ಮಾರುವವನಿಗೆ ಅಷ್ಟು ಸಾಕು. ಬೆಲೆ ಬಿತ್ತು ಎಂದು ಅವನ ಮುಖ ಇಳಿಯುತ್ತಿತ್ತು.

ಕುರಿ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರು ಕೈ ಹಿಡಿದುಕೊಂಡು ಮೇಲೆ ಟವಲು ಹೊದಿಸುತ್ತಾರೆ. ಒಳಗೆ ಬೆರಳು ಹಿಡಿದು ಒತ್ತಿ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಟವಲು ಅಲುಗುವುದಷ್ಟೇ ಕಾಣುತ್ತದೆ. ಎರಡು ಕೈ ಮಾತಾಡುವಾಗ ಮೂರನೆಯ ಕೈ ಟವಲಿನಡಿ ಹೋಗಬಾರದು. ಹೋದರೆ ಸಂತೆಯ ನಡುವೆ ಕೆನ್ನೆಗೆ ಹೊಡೆದ ಹಾಗೆ.

ಇಂಥ ವ್ಯಾಪಾರದಲ್ಲಿ ತಲೆ ನರೆತವನು ಕ್ಯಾತಪ್ಪ. ಸುಮ್ಮನಿದ್ದವನು ಏನೋ ಮುಚ್ಚಿಟ್ಟಿದ್ದಾನೆ ಎಂಬುದು ಅವನ ಲೆಕ್ಕ. ಸಿಹಿಯಾಗಿ ಮಾತಾಡುವವನು ಇನ್ನೂ ಹೆಚ್ಚು ಮುಚ್ಚಿಟ್ಟಿದ್ದಾನೆ.

2001ರ ಬೇಸಿಗೆಯಲ್ಲಿ ಅವನ ಎಡಗೆನ್ನೆಯೊಳಗೆ ಒಂದು ಹುಣ್ಣಾಯಿತು. ಹೊಗೆಸೊಪ್ಪಿಗೆ ಸುಣ್ಣ ತಿಕ್ಕಿ ಅವನು ಯಾವಾಗಲೂ ಒತ್ತಿಕೊಳ್ಳುತ್ತಿದ್ದ ಜಾಗವೇ ಅದು. ಮೊದಮೊದಲು ಖಾರ ತಾಗಿದರೆ ಉರಿಯುತ್ತಿತ್ತು, ಆಮೇಲೆ ಬರಿಯ ಮುದ್ದೆಯೂ ಉರಿಯತೊಡಗಿತು. ಜೇನು ಹಚ್ಚಿದ್ದಾಯಿತು, ತುಪ್ಪ ಹಚ್ಚಿದ್ದಾಯಿತು. ಕೊನೆಗೆ ಮಗ ಚಂದ್ರಣ್ಣ ಹಟ ಹಿಡಿದು ಚಳ್ಳಕೆರೆಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು. ಕ್ಯಾತಪ್ಪನನ್ನು ಕುರ್ಚಿಯಲ್ಲಿ ಒರಗಿಸಿ, ದೀಪ ಎಳೆದು, ಹೆಬ್ಬೆರಳಿನಿಂದ ಕೆನ್ನೆ ಮಗುಚಿ ನೋಡಿದರು. ವಸಡು ನೋಡಿದರು, ನಾಲಿಗೆಯ ಅಡಿ ನೋಡಿದರು. ಕತ್ತಿನ ಎರಡೂ ಪಕ್ಕ ಒತ್ತಿ ನೋಡಿದರು. ಆಮೇಲೆ ಏನೂ ಹೇಳದೆ ಕೈ ತೊಳೆಯಲು ಎದ್ದು ಹೋದರು.

ಆ ಕೈ ತೊಳೆಯುವುದರ ಅರ್ಥ ಕ್ಯಾತಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

"ಯಜಮಾನ್ರೇ, ಒಂದು ಚೂರು ತೆಗೆದು ದಾವಣಗೆರೆಗೆ ಪರೀಕ್ಷೆಗೆ ಕಳಿಸ್ತೀನಿ. ಅಲ್ಲಿಂದ ರಿಪೋರ್ಟು ಬರೋಕೆ ಹತ್ತು ಹದಿನೈದು ದಿನ ಆಗ್ಬಹುದು," ಎಂದರು ಡಾಕ್ಟರು.

"ಏನೈತೆ ಅಂತ ಈಗ್ಲೇ ಹೇಳಿಬಿಡ್ರಿ."

"ಈಗ ಹೇಳೋಕಾಗಲ್ಲ."

ಸೂಜಿ ಚುಚ್ಚಿ, ಚೂರು ತೆಗೆದು, ಹೊಲಿಗೆ ಹಾಕಿ ಅವನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಮಗನನ್ನು ಮಾತ್ರ ಒಳಗೆ ಕರೆದರು. ಬಾಗಿಲಿನ ಪರದೆ ಅರ್ಧ ಸರಿದಿತ್ತು. ಡಾಕ್ಟರು ಚಂದ್ರಣ್ಣನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಏನೋ ಹೇಳುತ್ತಿದ್ದುದು ಕ್ಯಾತಪ್ಪನಿಗೆ ಕಂಡಿತು. ಟವಲೊಂದು ಇರಲಿಲ್ಲ, ಅಷ್ಟೇ.

"ಏನಂದ್ರು?" ಎಂದು ಬಸ್ಸಿನಲ್ಲಿ ಕೇಳಿದ.

"ಏನಿಲ್ಲಪ್ಪ."

"ಏನಿಲ್ಲ ಅನ್ನಾಕೆ ಅಷ್ಟೊತ್ತು ಕೈ ಹಿಡ್ಕಂಡಿದ್ರಾ?"

ಚಂದ್ರಣ್ಣ ಕಿಟಕಿಯ ಹೊರಗೆ ನೋಡಿದ.

ಅಂದಿನಿಂದ ಮನೆಯ ರೀತಿಯೇ ಬೇರೆಯಾಯಿತು. ಸೊಸೆ ಶಾಂತಕುಮಾರಿ ಸಾರಿಗೆ ಖಾರ ಹಾಕುವುದನ್ನು ನಿಲ್ಲಿಸಿದಳು. ಬೆಳಗ್ಗೆ ರಾಗಿ ಗಂಜಿ, ಮಧ್ಯಾಹ್ನ ಹಾಲನ್ನ. ಹೆಂಡತಿ ಬೊಮ್ಮಕ್ಕ ಮದುವೆಯಾದಾಗಿನಿಂದ ಗಂಡನನ್ನು ಒಂದು ದಿನವೂ ಬೈಯದೆ ಬಿಟ್ಟವಳಲ್ಲ. ಅವಳು ಈಗ "ಇನ್ನೊಂದ್ ತೊಟ್ಟು ಹಾಲು ಹಾಕ್ಲಾ?" ಎಂದು ಕೇಳುತ್ತಿದ್ದಳು. ಎಲೆಅಡಿಕೆ ಸಂಚಿ ಎಲ್ಲಿಟ್ಟಳೋ, ಸೂರಿನ ಸಂದಿಯಲ್ಲೂ ಸಿಗಲಿಲ್ಲ. ಕುರಿ ಹೊಡೆದುಕೊಂಡು ಹುಲ್ಲುಗಾವಲಿಗೆ ಹೊರಟರೆ ಚಂದ್ರಣ್ಣ ಕೋಲು ಕಸಿದುಕೊಳ್ಳುತ್ತಿದ್ದ. "ಬಿಸಿಲೈತೆ. ನೀನು ಕುಂತ್ಕ."

ದೇವರಿಗೆ ಬಿಟ್ಟ ಟಗರನ್ನು ಹೇಗೆ ನೋಡಿಕೊಳ್ಳುತ್ತಾರೆಂದು ಕುರಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ. ದೂರ ನಡೆಸುವುದಿಲ್ಲ. ಎಳೆ ಸೊಪ್ಪು ಕೈಯಾರೆ ತಿನ್ನಿಸುತ್ತಾರೆ. ಯಾರೂ ಗದರುವುದಿಲ್ಲ. ಗಂಜಿಯ ತಟ್ಟೆ ಮುಂದೆ ಬಂದಾಗಲೆಲ್ಲ ಕ್ಯಾತಪ್ಪನಿಗೆ ಅದೇ ನೆನಪಾಗುತ್ತಿತ್ತು. ಇವರಿಗೆಲ್ಲ ಗೊತ್ತಿದೆ, ನನಗೊಬ್ಬನಿಗೇ ಹೇಳುತ್ತಿಲ್ಲ ಎಂದು ತೀರ್ಮಾನಿಸಿಬಿಟ್ಟ.

ಎದುರಿನವನ ಬಾಯಿಂದ ಗುಟ್ಟು ಹೊರಡಿಸಲು ದಲ್ಲಾಳಿಗಳಲ್ಲಿ ಒಂದು ಉಪಾಯವಿದೆ. ತನಗೆ ಎಲ್ಲ ಗೊತ್ತಾಗಿದೆ ಎಂದು ನಟಿಸುವುದು. ಬೊಮ್ಮಕ್ಕ ಹಟ್ಟಿಯ ಮುಂದೆ ಕಸ ಗುಡಿಸುತ್ತಿದ್ದಾಗ ಅದನ್ನೇ ಹೂಡಿದ.

"ಡಾಕ್ಟ್ರು ನಂಗೂ ಎಲ್ಲಾ ಹೇಳಿದ್ರು ಬಿಡು."

ಪೊರಕೆ ನಿಂತಿತು. "ಹೌದಾ? ಏನಂದ್ರು? ನಿನ್ ಮಗ ನಂಗೆ ಒಂದು ಮಾತೂ ಹೇಳ್ತಿಲ್ಲ. ಹೇಳು, ಏನಂದ್ರು?"

ಅವಳ ಕಣ್ಣು ನೋಡಿದರೆ ನಿಜಕ್ಕೂ ಗೊತ್ತಿಲ್ಲದವಳಂತೆ ಕಂಡಳು. ಒಂದು ಗಳಿಗೆ ಅವನಿಗೆ ಸಮಾಧಾನವಾಯಿತು. ಮರುಗಳಿಗೆಯೇ, ಇವಳೂ ನನ್ನ ಹತ್ತಿರವೇ ಕಲಿತವಳಲ್ಲವೇ ಎನ್ನಿಸಿತು.

ಒಂದು ಸಂತೆ ತಪ್ಪಿ, ಮುಂದಿನ ಸಂತೆಯ ದಿನ ಬಂತು. ಮನೆಯಲ್ಲೇ ಇರು ಎಂದು ಎಲ್ಲರೂ ಹೇಳಿದರು. ಹಾಗೆ ಹೇಳಿದ್ದಕ್ಕೇ ಅವನು ಹೊರಟ. ಚಂದ್ರಣ್ಣ ಮುಂಚೆಯೇ ಒಬ್ಬನೇ ಹೋಗಿದ್ದ. ಅವನಿಗೆ ಸಂತೆಯಲ್ಲಿ ಏನು ಕೆಲಸ? ವ್ಯಾಪಾರ ಕಲಿ ಎಂದು ಅಪ್ಪ ಎಷ್ಟು ಬಡಿದುಕೊಂಡರೂ ಕಲಿಯದವನು, ಚಳ್ಳಕೆರೆಯ ಎಣ್ಣೆ ಮಿಲ್ಲಿನ ಕೆಲಸವೇ ಸಾಕು ಎಂದವನು.

ಸಂತೆಯ ಬೇವಿನ ಮರದ ಕೆಳಗೆ ಮೊಳಕಾಲ್ಮೂರಿನ ಹನುಮಣ್ಣ ನಿಂತಿದ್ದ. ಅವನೂ ದಲ್ಲಾಳಿ, ಕ್ಯಾತಪ್ಪನ ಹಳೆಯ ಜೊತೆಗಾರ, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವವನು. ಅವನ ಎದುರಿಗೆ ಚಂದ್ರಣ್ಣ. ಇಬ್ಬರ ಕೈ ಮೇಲೆ ಟವಲು. ಟವಲು ಅಲುಗುತ್ತಿತ್ತು.

ಕ್ಯಾತಪ್ಪನಿಗೆ ಎಲ್ಲ ಅರ್ಥವಾಗಿಹೋಯಿತು. ಹಟ್ಟಿಯ ಕುರಿ ಮಾರುತ್ತಿದ್ದಾನೆ. ಅಪ್ಪನ ಉಸಿರು ಇನ್ನೂ ಮೂಗಿನಲ್ಲಿ ಇರುವಾಗಲೇ ಮಾರುತ್ತಿದ್ದಾನೆ! ಜನರನ್ನು ತಳ್ಳಿಕೊಂಡು ನಡೆದು, ತಾನು ಜನ್ಮದಲ್ಲಿ ಮಾಡದ ಕೆಲಸ ಮಾಡಿದ. ಕೈಯನ್ನು ಟವಲಿನಡಿ ತೂರಿಸಿ ಇಬ್ಬರ ಬೆರಳನ್ನೂ ಹಿಡಿದುಬಿಟ್ಟ.

ಸುತ್ತ ನಿಂತವರು ಹೋ ಎಂದರು.

"ಏಂ ರಾ ಕ್ಯಾತಪ್ಪ! ಬುದ್ಧಿಗಿದ್ಧಿ ಐತಾ?" ಹನುಮಣ್ಣ ಕೈ ಕೊಡವಿದ. "ಇನ್ನೊಬ್ರ ಟವಲಿಗೆ ಕೈ ಹಾಕ್ತೀಯಾ?"

"ಯಾವ ಕುರಿ ಲೇ? ಎಷ್ಟಕ್ಕೆ ಲೇ? ಹೇಳು!"

"ಕುರಿ ಎಲ್ಲೈತೆ ನೋಡು."

ಕ್ಯಾತಪ್ಪ ನೋಡಿದ. ಮರದ ಕೆಳಗೆ ಒಂದು ಕುರಿಯೂ ಇರಲಿಲ್ಲ.

"ನಿನ್ ಮಗನಿಗೆ ಬೆರಳು ಲೆಕ್ಕ ಕಲಿಸ್ತಿದ್ದೆ," ಎಂದ ಹನುಮಣ್ಣ. "ಹೋದ ಸಂತೇಲಿ ಬಂದು ಕಾಲಿಗೆ ಬಿದ್ದ. ಎಮ್ಮೆಗಾದ್ರೂ ಬೇಗ ಬರ್ತಿತ್ತು, ಇವನಿಗೆ ಬರವಲ್ದು. ನೂರಕ್ಕೂ ಸಾವಿರಕ್ಕೂ ಒಂದೇ ಥರ ಹಿಂಡ್ತಾನೆ."

ಸುತ್ತಲಿನವರು ನಕ್ಕರು. ಕ್ಯಾತಪ್ಪನಿಗೆ ನಗು ಬರಲಿಲ್ಲ. "ಈಗ್ಯಾಕೆ ಕಲೀತಿದ್ದಾನೆ? ಇಷ್ಟ್ ವರ್ಷ ಇಲ್ದಿದ್ದು?"

ಹನುಮಣ್ಣ ತಲೆ ತಗ್ಗಿಸಿದ. ಚಂದ್ರಣ್ಣನೇ ಹೇಳಿದ. "ನಿನ್ ಬಾಯಿಗೆ ಹೊಲಿಗೆ ಹಾಕವ್ರೆ. ಮಾತಾಡಾಕಾಗದಿದ್ರೆ ನಾನಾದ್ರೂ ಸಂತೆ ನೋಡ್ಕಬಹುದು ಅಂತ."

"ಟವಲಿನಡಿ ಮಾತಾಡಾಕೆ ಬಾಯಿ ಯಾಕ್ಲೇ ಬೇಕು?"

ಕ್ಯಾತಪ್ಪ ಮಗನನ್ನು ಮರದ ಹಿಂದಕ್ಕೆ ಎಳೆದುಕೊಂಡು ಹೋದ.

"ನಿಜ ಹೇಳು. ಆ ದಿನ ಕೈ ಹಿಡ್ಕಂಡು ಏನಂದ್ರು?"

"ಅವ್ರಿಗೂ ಗೊತ್ತಿಲ್ಲಂತಪ್ಪ," ಎಂದ ಚಂದ್ರಣ್ಣ. "ಕ್ಯಾನ್ಸರ್ ಇರಬಹುದು, ಇಲ್ದೇನೂ ಇರಬಹುದು. ರಿಪೋರ್ಟು ಬರೋವರೆಗೂ ಹೊಗೆಸೊಪ್ಪು ಮುಟ್ಟಿಸ್ಬ್ಯಾಡಿ, ಖಾರ ಕೊಡಬ್ಯಾಡಿ ಅಂದ್ರು. ಅಷ್ಟೇ. ನನ್ ಕೈ ನಡುಗ್ತಿತ್ತು, ಅದಕ್ಕೆ ಹಿಡ್ಕಂಡಿದ್ರು."

ಕ್ಯಾತಪ್ಪ ಮಗನ ಕೈ ನೋಡಿದ. ಈಗಲೂ ನಡುಗುತ್ತಿತ್ತು. ಒಳಗೆ ಏನೂ ಬಚ್ಚಿಡದ ಮೌನವನ್ನು ಅವನು ಈವರೆಗೆ ಕಂಡಿರಲಿಲ್ಲ. ಯಾರಿಗೂ ಏನೂ ಗೊತ್ತಿಲ್ಲದೆಯೇ ಮನೆಯಲ್ಲಿ ಎಲ್ಲರೂ ಸುಮ್ಮನಿರಬಹುದು ಎಂಬುದನ್ನು ನಂಬಲು ಅವನಿಗೆ ಕಷ್ಟವಾಯಿತು. ಪೂರ್ತಿ ನಂಬಲೂ ಇಲ್ಲ.

ದಾವಣಗೆರೆಯಿಂದ ವರದಿ ಬಂದಿದೆ ಎಂದು ತಿಳಿದ ದಿನ ಅಪ್ಪ ಮಗ ಮತ್ತೆ ಅದೇ ಬೆಂಚಿನ ಮೇಲೆ ಕುಳಿತರು. ಡಾಕ್ಟರು ಕರೆದಾಗ ಕ್ಯಾತಪ್ಪ ಏಳಲಿಲ್ಲ.

"ನೀನೇ ಹೋಗು. ಕೇಳ್ಕಂಡು ಬಾ. ಬಾಯಲ್ಲಿ ಏನೂ ಹೇಳ್ಬ್ಯಾಡ." ಹೆಗಲ ಮೇಲಿನ ಟವಲನ್ನು ಮಡಿಲಿಗೆ ಹಾಕಿಕೊಂಡ. "ಒಳ್ಳೇದಿದ್ರೆ ಒಂದು ಬೆರಳು ಹಿಡಿ. ಕೆಟ್ಟದ್ದಿದ್ರೆ ಇಡೀ ಕೈ ಹಿಡಿ. ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗುತ್ತೆ. ಬೆರಳು ಸುಳ್ಳು ಹೇಳಿದ್ದು ನಾನು ಎಷ್ಟೋ ಕಂಡಿದ್ದೀನಿ."

ಚಂದ್ರಣ್ಣ ಒಳಗೆ ಹೋದ. ಪರದೆ ಪೂರ್ತಿ ಎಳೆದಿತ್ತು. ಒಳಗಿನ ಮಾತು ಕೇಳದಿರಲೆಂದು ಕ್ಯಾತಪ್ಪ ರಸ್ತೆಯ ಕಡೆ ಮುಖ ಮಾಡಿ ಕುಳಿತ. ಶೇಂಗಾ ಮೂಟೆ ಹೇರಿದ ಲಾರಿಯೊಂದು ನಿಂತು, ಹಾರ್ನ್ ಹೊಡೆದು, ಹೋಯಿತು.

ಮಗ ಬಂದು ಪಕ್ಕದಲ್ಲಿ ಕುಳಿತ. ಅವನ ಕೈ ಟವಲಿನಡಿ ಬಂತು. ಮೊದಲು ಅಪ್ಪನ ಹೆಬ್ಬೆರಳಿಗೆ ತಾಗಿತು. ಆಮೇಲೆ ಆ ಕೈ ಜರುಗಿ, ಐದೂ ಬೆರಳನ್ನು ಕೂಡಿಸಿ ಇಡೀ ಕೈ ಹಿಡಿಯಿತು. ಈ ಸಲ ನಡುಗುತ್ತಿರಲಿಲ್ಲ.

ಇಬ್ಬರೂ ಹಾಗೇ ಕುಳಿತಿದ್ದರು. ಹಾದಿಯಲ್ಲಿ ಹೋಗುವವರಿಗೆ ಯಾರೋ ಕುರಿ ವ್ಯಾಪಾರ ಮಾಡುತ್ತಿದ್ದಾರೆ ಅನ್ನಿಸಿರಬೇಕು.

"ಸರಿಯಾಗಿ ಹಿಡಿದೆ," ಎಂದ ಕ್ಯಾತಪ್ಪ ಕೊನೆಗೆ. "ಈಗ ಬಾಯಲ್ಲಿ ಹೇಳು. ಎಲ್ಲಿಗೆ ಹೋಗ್ಬೇಕು?"

"ಬೆಂಗಳೂರಿಗೆ. ಇನ್ನೂ ಸಣ್ಣದೈತಂತೆ. ಕತ್ತಿಗೆ ಇಳಿದಂಗೆ ಕಾಣಲ್ಲ ಅಂದ್ರು. ತಡ ಮಾಡ್ಬ್ಯಾಡಿ ಅಂದ್ರು."

"ಸಣ್ಣದು ಅಂತ ಅವ್ರೇ ಅಂದ್ರೋ, ನೀನು ಸೇರಿಸಿದ್ಯೋ?"

"ಅವ್ರೇ ಅಂದ್ರು."

"ಹಂಗಾದ್ರೆ ಒಳಗೆ ನಡಿ. ನನ್ನೆದುರಿಗೆ ಇನ್ನೊಂದ್ಸಲ ಅನ್ಲಿ."

ಬೆಂಗಳೂರಿನಲ್ಲಿ ಹುಣ್ಣಿನ ಜೊತೆ ಎಡದವಡೆಯ ಸ್ವಲ್ಪ ಭಾಗವನ್ನೂ ತೆಗೆದರು. ಆಮೇಲೆ ಆ ಜಾಗಕ್ಕೆ ವಿಕಿರಣದ ಕರೆಂಟು ಕೊಟ್ಟರು. ಕ್ಯಾತಪ್ಪ ವಾಪಸು ಬಂದಾಗ ಕೆನ್ನೆ ಒಳಕ್ಕೆ ಸೇದಿಕೊಂಡಿತ್ತು. ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು, ಮಾತು ಮನೆಯವರಿಗಷ್ಟೇ ಅರ್ಥವಾಗುತ್ತಿತ್ತು. ಗಂಜಿಗೆ ಉಪ್ಪಿಲ್ಲ ಎಂದು ಅವನು ತಟ್ಟೆ ತಳ್ಳಿದ ದಿನ ಬೊಮ್ಮಕ್ಕ ಹಟ್ಟಿಗೆಲ್ಲ ಕೇಳುವ ಹಾಗೆ ಬೈದಳು. ಅವತ್ತು ಅವನು ಕಣ್ಣು ಮುಚ್ಚಿಕೊಂಡು ಪೂರ್ತಿ ಗಂಜಿ ಕುಡಿದ.

ವರ್ಷ ತಿರುಗುವುದರೊಳಗೆ ಮತ್ತೆ ಸಂತೆಗೆ ಬಂದ. ಟವಲಿನಡಿಯ ವ್ಯಾಪಾರಕ್ಕೆ ಬಾಯಿ ಬೇಕಿರಲಿಲ್ಲ. ಚಂದ್ರಣ್ಣ ಪಕ್ಕದಲ್ಲಿ ನಿಂತು ಕುರಿ ಹಿಡಿಯುತ್ತಿದ್ದ. ಬೇವಿನ ಮರದ ಕೆಳಗೆ ಹನುಮಣ್ಣ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕುತ್ತಿದ್ದುದನ್ನು ನೋಡಿ ಕ್ಯಾತಪ್ಪ ಹತ್ತಿರ ಹೋದ. ಗದ್ದ ಹಿಡಿದು, ಬಾಯಿ ತೆಗಿ ಎಂದು ಸನ್ನೆ ಮಾಡಿದ.

"ವದ್ದು ರಾ, ಬ್ಯಾಡ ಬಿಡು! ನಾನೇನು ಕುರಿಯಾ?" ಎಂದು ಹನುಮಣ್ಣ ಕೊಸರಿಕೊಂಡ. ಸುತ್ತಲಿನವರು ಬಿಡಲಿಲ್ಲ. ಕೊನೆಗೆ ಬಾಯಿ ತೆರೆದ.

ಕ್ಯಾತಪ್ಪ ಹೆಬ್ಬೆರಳಿನಿಂದ ಕೆನ್ನೆ ಮಗುಚಿದ. ಬಲಗಡೆ ನೋಡಿದ. ಎಡಗಡೆ ನೋಡಿದ. ನಾಲಿಗೆ ಎತ್ತಿಸಿ ಅಡಿ ನೋಡಿದ. ಆಮೇಲೆ ಬಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ಎತ್ತಲೋ ನೋಡುತ್ತ ನಿಂತ.

ಹನುಮಣ್ಣನ ನಗು ಆರಿತು. "ಯಾಕ್ಲೇ ಸುಮ್ನಾದೆ?"

ಕ್ಯಾತಪ್ಪ ಹೆಗಲಿನ ಟವಲನ್ನು ಕೈಗೆ ತೆಗೆದುಕೊಂಡ.

"ಏನೈತೆ? ಏನ್ ಕಂಡೆ? ಮುಚ್ಚಿಡಬ್ಯಾಡ ಕ್ಯಾತಪ್ಪ, ನಿನ್ ದಮ್ಮಯ್ಯ, ಹೇಳು!"

ಕ್ಯಾತಪ್ಪ ಅವನ ಅಂಗೈಯ ಹೊಗೆಸೊಪ್ಪನ್ನು ತೆಗೆದು ಮಣ್ಣಿಗೆ ಎಸೆದ. ಆ ಖಾಲಿ ಕೈ ಮೇಲೆ ಟವಲು ಹಾಕಿ, ಒಳಗೆ ಒಂದೇ ಒಂದು ಬೆರಳು ಹಿಡಿದ.