ಮೂಲೆಯ ಕೊಲ್ಲಿಯ ಸೊನ್ನೆಗಳು

ಕಡಲ ಸಂಶೋಧನಾ ಕೇಂದ್ರದಲ್ಲಿ ಅವರಿಗೆ ಅಚ್ಚುಕಟ್ಟಪ್ಪ ಎಂದೇ ಹೆಸರು, ಎದುರಿಗೆ ಮಾತ್ರ ಎಲ್ಲರಿಗೂ ಮಾಮ. ಕೆಲಸ ದೋಣಿ ನಡೆಸುವುದು. ಗೀಳು ಮಾತ್ರ ರಿಜಿಸ್ಟರಿನದು. ವಿಜ್ಞಾನಿಗಳು ಅಲೆಯ ಹೊಡೆತಕ್ಕೆ ವಾಂತಿ ಮಾಡಿಕೊಂಡು ಒರಗಿದ್ದಾಗ, ನೀರಡಿಯ ಹುಲ್ಲು ಮೇಯುವ ಕಡಲಹಸು, ಅಂದರೆ ಡುಗಾಂಗ್, ಯಾವ ಕೊಲ್ಲಿಯಲ್ಲಿ ಎಷ್ಟು ಉಸಿರಿಗೆ ಮೇಲೆದ್ದವು ಎಂದು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದಿಟ್ಟವರು ಇವರೇ. ಇಪ್ಪತ್ತೆರಡು ವರ್ಷ, ಒಂದು ಚೌಕವೂ ಖಾಲಿ ಇಲ್ಲ. ಆ ಹೆಮ್ಮೆ ತಲೆಗೇರಿತ್ತು ಎಂದರೂ ತಪ್ಪಿಲ್ಲ.

ನಿವೃತ್ತಿಗೆ ನಾಲ್ಕು ದಿನ ಇರುವಾಗ ದೊಡ್ಡ ಸಭೆ ಸೇರಿತು. ಕಡಲಹಸುವಿನ ಸಂತತಿ ಅಳಿಯುತ್ತಿದೆ. ಇರುವುದು ಒಂದೇ ದೋಣಿ, ಐದೇ ವರ್ಷದ ಹಣ. ಮೊದಲು ಏನನ್ನು ತಿಳಿಯಬೇಕು? ಬಲೆಗೆ ಸಿಕ್ಕಿ ಎಷ್ಟು ಸಾಯುತ್ತವೆ, ಮರಿ ಹಾಕುವುದೆಲ್ಲಿ, ಕಡಲಹುಲ್ಲು ಎಲ್ಲಿ ಉಳಿದಿದೆ? ಗೋಡೆಯ ತುಂಬ ಪ್ರಶ್ನೆಗಳ ಚೀಟಿಗಳು. ನಿರ್ದೇಶಕಿ ನಕ್ಷೆಯ ಮೇಲೆ ಬೆರಳಿಟ್ಟರು.

"ಮೂಲೆಯ ಕೊಲ್ಲಿ ಬಿಟ್ಟುಬಿಡೋಣ. ಇಷ್ಟು ವರ್ಷದಲ್ಲಿ ಬರೀ ಸೊನ್ನೆ. ಮಾಮ ಬರೆದಿದ್ದಾರೆ ಅಂದ್ಮೇಲೆ ಮಾತೇ ಇಲ್ಲ."

ಅಚ್ಚುಕಟ್ಟಪ್ಪನವರು ನಕ್ಷೆಯ ಮೇಲಿನ ಆ ಬೆರಳನ್ನೇ ನೋಡಿದರು.

ಏಳನೇ ವಯಸ್ಸಿನಲ್ಲಿ ಅಪ್ಪ ಅವರನ್ನು ಚಪ್ಪಟೆ ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದು ಅಲ್ಲಿಗೇ. ಅಪ್ಪ ಹುಟ್ಟನ್ನೆತ್ತಿ ಮಡಿಲಲ್ಲಿಟ್ಟುಕೊಂಡು ತುಟಿಯ ಮೇಲೆ ಬೆರಳಿಟ್ಟ. ತಾಯಿ ಕಡಲಹಸು ಮೇಲೆದ್ದು ಉಸ್ಸೆಂದಿತು; ಬೆನ್ನಿಗೇ ಮರಿ. ಅವು ಮುಳುಗಿದ ಮೇಲೆ ಅಪ್ಪ ತಿಳಿನೀರಿನ ತಳ ತೋರಿಸಿದ. ಹುಲ್ಲಿನ ನಡುವೆ ಅಂಕುಡೊಂಕಾದ ಬೋಳು ಪಟ್ಟೆ. "ಮೇಯ್ದ ದಾರಿ ಕಣೋ ಅದು. ಹಸು ಕಾಣದಿದ್ರೂ ದಾರಿ ಸುಳ್ಳು ಹೇಳಲ್ಲ." ಅಪ್ಪನ ಒದ್ದೆ ಅಂಗಿಯ ಉಪ್ಪುವಾಸನೆ ಇಂದಿಗೂ ಅವರ ಮೂಗಿನಲ್ಲಿದೆ. ಅಂಥ ಬೆಳಗು ಮತ್ತೆ ಬರಲಿಲ್ಲ.

ಕೇಂದ್ರದ ದೋಣಿಯ ತಳ ಆಳ, ಆ ಕೊಲ್ಲಿಯಲ್ಲಿ ನೀರು ಕಡಿಮೆ, ಒಳಗೆ ಹೋಗುವಂತಿರಲಿಲ್ಲ. ಹೋಗದಿದ್ದರೆ ಗೆರೆ, ಹೋಗಿಯೂ ಕಾಣದಿದ್ದರೆ ಸೊನ್ನೆ ಎಂಬುದು ರಿಜಿಸ್ಟರಿನ ನಿಯಮ. ಮೊದಲ ತಿಂಗಳು ಗೆರೆಯನ್ನೇ ಎಳೆದಿದ್ದರು. ಆಗಿನ ಸಾಹೇಬರು ಎಲ್ಲರೆದುರು, "ಇದೇನ್ರೀ ಅರ್ಧಂಬರ್ಧ ಕೆಲಸ?" ಎಂದು ಗದರಿದ್ದೇ ತಡ, ಗೆರೆ ಅಳಿಸಿ ಸೊನ್ನೆ ಸುತ್ತಿದರು. ಆಮೇಲೆ ಅದೇ ರೂಢಿಯಾಯಿತು. ಮಾಡಿದ್ದುಣ್ಣೋ ಮಹಾರಾಯ!

ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆಯಿಂದ ಮನೆ ಸೇರಬಹುದಿತ್ತು. ಆದರೆ ಅಪ್ಪನ ಕೊಲ್ಲಿ ಪಟ್ಟಿಯಿಂದಲೇ ಹೋಗುತ್ತದಲ್ಲ? ಅವರು ಎದ್ದು ನಿಂತರು.

"ಮೇಡಂ, ಆ ಸೊನ್ನೆ ಎಲ್ಲಾ ಸುಳ್ಳು. ನಾವು ಅಲ್ಲಿಗೆ ಒಂದ್ಸಲನೂ ಹೋಗಿಲ್ಲ."

"ಮತ್ತೆ ಯಾಕೆ ಬರೆದ್ರಿ ಮಾಮ?"

"ಖಾಲಿ ಬಿಡೋಕೆ ನಾಚಿಕೆ ಆಯ್ತು."

ಹಿಂದೆ ಯಾರೋ ಕಿಸಕ್ಕೆಂದರು. ನಿರ್ದೇಶಕಿ ನಗಲಿಲ್ಲ. "ಹಾಗಾದ್ರೆ ಉಳಿದಿದ್ದನ್ನ ಹೇಗೆ ನಂಬೋದು?" ಎಂದು ಮೆಲ್ಲಗೆ ಕೇಳಿದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ನಿರ್ದೇಶಕಿ ಹೊಸ ಚೀಟಿ ಬರೆದು ಎಲ್ಲಕ್ಕಿಂತ ಮೇಲೆ ಅಂಟಿಸಿದರು: ಮೂಲೆಯ ಕೊಲ್ಲಿಗೆ ಹೋಗಿ ನೋಡುವುದು.

ಕೆಲಸದ ಕೊನೆಯ ದಿನ ಅಚ್ಚುಕಟ್ಟಪ್ಪನವರೂ ನಿರ್ದೇಶಕಿಯೂ ಅಲ್ಲಿಗೆ ಹೋದರು. ಯಾರದೋ ಚಪ್ಪಟೆ ದೋಣಿ ಕೇಳಿ ತಂದಿದ್ದರು. ಹುಟ್ಟು ಮಡಿಲಲ್ಲಿಟ್ಟುಕೊಂಡು ನಾಲ್ಕು ಗಂಟೆ ಕಾದರು. ಒಂದು ಉಸಿರೂ ಕೇಳಲಿಲ್ಲ. "ಸಾಕು ಮಾಮ, ಹೊರಡೋಣ" ಎಂದರು ನಿರ್ದೇಶಕಿ. ನೀರು ಇಳಿಯುತ್ತಿತ್ತು. ಅಚ್ಚುಕಟ್ಟಪ್ಪ ಸುಮ್ಮನೆ ಬಗ್ಗಿ ನೋಡಿದರು. ನೋಡಿದವರು ಹಾಗೇ ಉಳಿದರು. ಹಸಿರು ಹುಲ್ಲಿನಲ್ಲಿ ಅಂಕುಡೊಂಕಾದ ಬೋಳು ಪಟ್ಟೆ. ಒಂದಲ್ಲ, ಬೇಕಾದಷ್ಟು.

ರಿಜಿಸ್ಟರು ತೆರೆದು ಬರೆದರು: ಕಡಲಹಸು, ಸೊನ್ನೆ. ಮೇಯ್ದ ದಾರಿ, ಹನ್ನೊಂದು. ಆ ಚೌಕದಲ್ಲಿ ಅವರು ಬರೆದ ಮೊದಲ ನಿಜವಾದ ಸೊನ್ನೆ ಅದು. ಕಣ್ಣು ಮಂಜಾಗಿ ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ನಿರ್ದೇಶಕಿ ಪೆನ್ನು ಇಸಿದುಕೊಂಡು ಪಕ್ಕದಲ್ಲೇ ತಮ್ಮ ಸಹಿ ಹಾಕಿದರು.