ಹಾಲುಬಿಟ್ಟಣ್ಣ ಊಟ ಮಾಡುವ ಜಾಗ

ಅವನಿಗೆ ಆ ಅಡ್ಡಹೆಸರು ಇಟ್ಟವರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಐವತ್ತೆರಡನೇ ವಯಸ್ಸಿಗೆ ಹಾಲು ಬಿಟ್ಟವನನ್ನು ಇನ್ನೇನೆಂದು ಕರೆಯುವುದು? ಹಾಲುಬಿಟ್ಟಣ್ಣ. "ಎಲ್ಲಾರಿಗೂ ಎರಡು ವರ್ಷಕ್ಕೆ ಹಾಲು ಬಿಡಿಸ್ತಾರೆ, ನಿಂಗ್ಯಾಕಪ್ಪ ಐವತ್ತು ವರ್ಷ ಲೇಟಾಯ್ತು" ಎಂದು ಪೈಪಿನಂಗಡಿಯವರು ದಿನಕ್ಕೊಂದು ಸಲವಾದರೂ ಕಾಲೆಳೆಯುತ್ತಿದ್ದರು. ಅವನು ನಗುತ್ತಿದ್ದ. ನಗದೆ ಇನ್ನೇನು ಮಾಡಿಯಾನು, ಕೆಲಸ ಅವರ ಅಂಗಡಿಯಲ್ಲೇ. ಗಿರಾಕಿ ಕೇಳಿದ ಅಳತೆಗೆ ಪೈಪು ಕತ್ತರಿಸಿ, ತುದಿಗೆ ತಿರುಪಿನ ಥ್ರೆಡ್ ಹೊಡೆದು ಕೊಡುವುದು, ಕರೆದವರ ಮನೆಗೆ ಹೋಗಿ ನಲ್ಲಿ ರಿಪೇರಿ ಮಾಡುವುದು, ಇಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು.

ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಅವನು ಊರಾಚೆಯ ಹಾಲಿನ ಫಾರ್ಮಿನಲ್ಲಿದ್ದ. ಆರುನೂರು ಹಸುಗಳ ಫಾರ್ಮು. ಹಾಲು ಕರೆಯುವುದನ್ನು ಮಿಷನ್ನು ನೋಡಿಕೊಳ್ಳುತ್ತಿತ್ತು, ಇವನದು ಕರುಗಳ ಕೆಲಸ. ಹುಟ್ಟಿದ ಕರುವನ್ನು ಅದೇ ದಿನ ತಾಯಿಯ ಹತ್ತಿರದಿಂದ ಎತ್ತಿ, ಕೈಗಾಡಿಯಲ್ಲಿ ಮಲಗಿಸಿ, ಆಚೆ ಶೆಡ್ಡಿಗೆ ತಳ್ಳಿಕೊಂಡು ಹೋಗಬೇಕು. ಅಲ್ಲಿ ಅದಕ್ಕೆ ಬಕೆಟ್ಟಿನಿಂದ ಕುಡಿಯುವುದನ್ನು ಕಲಿಸಬೇಕು. ಕರುವಿಗೆ ಬಕೆಟ್ಟು ಏನು ಗೊತ್ತು? ಅದು ಮುಖ ಮೇಲಕ್ಕೆತ್ತಿ ಕೆಚ್ಚಲು ಹುಡುಕುತ್ತದೆ. ಆಗ ಎರಡು ಬೆರಳನ್ನು ಅದರ ಬಾಯಿಗಿಟ್ಟು ಚೀಪಿಸಬೇಕು. ಚೀಪುತ್ತಿದ್ದ ಹಾಗೇ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಬಕೆಟ್ಟಿನಲ್ಲಿ ಮುಳುಗಿಸಿ, ಬೆರಳು ಹಿಂದಕ್ಕೆ ಎಳೆದುಕೊಳ್ಳಬೇಕು. ಮೂರು ನಾಲ್ಕು ಸಲಕ್ಕೆ ಕರು ಕಲಿತುಬಿಡುತ್ತದೆ. ಆ ಕೆಲಸದಲ್ಲಿ ಅವನದು ಎತ್ತಿದ ಕೈ. ಹೆಂಡತಿ ತೀರಿಕೊಂಡ ಎರಡನೇ ವರ್ಷ, ಒಂದು ಬೆಳಿಗ್ಗೆ, ಕಾಫಿಗೆ ಹಾಲು ಹಾಕಲು ಹೋದವನು ತನ್ನ ಎರಡು ಬೆರಳನ್ನೇ ನೋಡುತ್ತ ನಿಂತುಬಿಟ್ಟ. ಕಾಫಿ ಆರಿತು. ನಡೆದದ್ದು ಇಷ್ಟೇ. ಆಮೇಲೆ ಅವನು ಹಾಲು, ಬೆಣ್ಣೆ, ಮೊಟ್ಟೆ, ಮಾಂಸ ಎಲ್ಲ ಬಿಟ್ಟ, ತಿಂಗಳೊಳಗೆ ಕೆಲಸವನ್ನೂ ಬಿಟ್ಟ.

ಬಿಟ್ಟವನು ಬಾಯಿ ಮುಚ್ಚಿಕೊಂಡಿದ್ದಿದ್ದರೆ ಚೆನ್ನಾಗಿತ್ತು. ಆದರೆ ಸತ್ಯ ಕಂಡವನಿಗೆ ಹೊತ್ತುಗೊತ್ತು ಎಲ್ಲಿ ತಿಳಿಯುತ್ತದೆ? ಒಬ್ಬಳೇ ಮಗಳು. ಅವಳ ಮದುವೆಯ ಊಟದಲ್ಲಿ, ಗಂಡಿನ ಕಡೆಯ ಯಾರೋ ಒಬ್ಬ ತಮಾಷೆಗೆ ಐಸ್‌ಕ್ರೀಮಿನ ಬಟ್ಟಲನ್ನು ಇವನ ಮೂಗಿಗೆ ಹಿಡಿದು, "ಮಾವಾ, ಇವತ್ತೊಂದಿನ ಒಂದು ಚಮಚ" ಎಂದ. ಇವನು ಎದ್ದು ನಿಂತ. ಕೈಗಾಡಿ, ಶೆಡ್ಡು, ಬಕೆಟ್ಟು, ಬೆರಳು ಒಂದನ್ನೂ ಬಿಡದೆ ಹೇಳಿದ. ತಾಯಿ ಹಸು ಎಷ್ಟು ದಿನ ಕೂಗುತ್ತದೆ ಎಂಬುದನ್ನೂ ಹೇಳಿದ. ಕಾಲು ಗಂಟೆ. ನೂರೈವತ್ತು ಜನರ ಕೈಯಲ್ಲಿ ಐಸ್‌ಕ್ರೀಮು ಕರಗಿ ನೀರಾಯಿತು. ಬೀಗಿತ್ತಿ ಬಟ್ಟಲು ಕೆಳಗಿಟ್ಟು ಎದ್ದು ಹೋದರು. ಮಗಳು ಒಂದೇ ಒಂದು ಮಾತು ಹೇಳಿದಳು: "ಇವತ್ತೇ ಬೇಕಿತ್ತಾ ಅಪ್ಪಾ?"

ಅಲ್ಲಿಂದ ಮೂರು ವರ್ಷ ಅವಳು ತವರಿನ ಕಡೆ ತಲೆ ಹಾಕಲಿಲ್ಲ. ಫೋನಿನಲ್ಲಿ "ಚೆನ್ನಾಗಿದ್ದೀರಾ?" "ಚೆನ್ನಾಗಿದ್ದೀನಿ." ಅಷ್ಟೇ. ಮಗು ಹುಟ್ಟಿದ್ದನ್ನೂ ಫೋನಿನಲ್ಲೇ ಹೇಳಿದಳು.

ಇಂಥವನಿಗೆ, ಮಗಳ ಮದುವೆಗೂ ಎಷ್ಟೋ ಮೊದಲೇ, ಒಂದು ವೀಗನ್ ಹೋಟೆಲು ಸಿಕ್ಕಿದ್ದು ಕುರುಡನಿಗೆ ಕಣ್ಣು ಬಂದ ಹಾಗಾಯಿತು. ಪೈಪಿನಂಗಡಿಯಿಂದ ಮೂರು ತಿರುವು ದಾಟಿದರೆ, ಒಂದು ಲಾಂಡ್ರಿ ಪಕ್ಕದಲ್ಲಿ, ಎಂಟು ಮೇಜಿನ ಜಾಗ. ಪ್ರಾಣಿಗಳಿಂದ ಬಂದದ್ದು ಒಂದು ಹನಿಯೂ ಒಳಗಿಲ್ಲ, ಜೇನುತುಪ್ಪ ಕೂಡ. ಇನ್ನು ಬೇರೆ ಕಡೆ ಊಟಕ್ಕೆ ಕೂತರೆ ಅವನು ಪ್ರತಿ ಪಾತ್ರೆಗೂ ಪ್ರಶ್ನೆ ಕೇಳಬೇಕು, ಪ್ರತಿ ಪ್ರಶ್ನೆಗೂ ನಗೆಗೀಡಾಗಬೇಕು. ಇಲ್ಲಿ ಏನೂ ಕೇಳಬೇಕಿರಲಿಲ್ಲ. ತಟ್ಟೆ ಬಂತು, ತಿಂದ, ಎದ್ದ. ಏಳು ವರ್ಷ ಮಧ್ಯಾಹ್ನದ ಊಟ ಅವನದು ಅಲ್ಲೇ. ಸಿಂಕಿನ ಪೈಪು ಬದಲಾಯಿಸಿಕೊಟ್ಟ, ಸೋರುವ ನಲ್ಲಿಗೆ ವಾಷರ್ ಹಾಕಿಕೊಟ್ಟ, ಪೈಪಿನಂಗಡಿಗೆ ಬಂದವರಿಗೆಲ್ಲ "ಒಂದ್ಸಲ ಅಲ್ಲಿ ಊಟ ಮಾಡಿ ನೋಡಿ" ಎಂದು ಹೇಳಿದ. ಹೋದವರಲ್ಲಿ ಹತ್ತಕ್ಕೆ ಒಂಬತ್ತು ಜನ ಎರಡನೇ ಸಲ ಹೋಗಲಿಲ್ಲ.

ಅದಕ್ಕೆ ಕಾರಣ ಹೋಟೆಲಿನ ಯಜಮಾನಿ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆಕೆಗೆ ಗಾದೆಯ ಮೊದಲರ್ಧ ಮಾತ್ರ ಗೊತ್ತಿತ್ತು. ಕೈ ರುಚಿ ಚಿನ್ನ, ನಾಲಗೆ ಮುಳ್ಳು. ಟೀಗೆ ಹಾಲು ಕೇಳಿದ ಮುದುಕರ ಮುಂದಿನಿಂದ ಕಪ್ಪನ್ನೇ ಎತ್ತಿಕೊಂಡು ಹೋದವಳು. ಚರ್ಮದ ಬೆಲ್ಟು ಕಟ್ಟಿ ಬಂದವನೊಬ್ಬನಿಗೆ, ಅದನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿ ಬಾ ಎಂದಳಂತೆ. ಒಂದು ಕೈಲಿ ಪ್ಯಾಂಟು ಹಿಡಿದುಕೊಂಡು ಇನ್ನೊಂದು ಕೈಲಿ ಊಟ ಮಾಡುವ ತಾಪತ್ರಯ ಯಾರಿಗೆ ಬೇಕು, ಆ ಪುಣ್ಯಾತ್ಮ ಬಂದ ದಾರಿ ಹಿಡಿದ. ಇವನು ಎಲ್ಲಕ್ಕೂ ಸಮಜಾಯಿಷಿ ಕೊಡುತ್ತಿದ್ದ. "ನ್ಯಾಯವಾಗಿರೋರ ಬಾಯಿ ಸ್ವಲ್ಪ ಖಾರ ಇರುತ್ತೆ ಬಿಡಿ" ಎನ್ನುತ್ತಿದ್ದ. ಅನ್ನದೆ ಏನು, ಇವನ ಫಾರ್ಮಿನ ಕಥೆಯನ್ನು ಮೊದಲಿಂದ ಕೊನೆವರೆಗೆ, ನಡುವೆ ನಗದೆ ಕೇಳಿದ್ದು ಜಗತ್ತಿನಲ್ಲಿ ಆಕೆಯೊಬ್ಬಳೇ. ಕೇಳಿ, ಕಣ್ಣೊರೆಸಿಕೊಂಡು, "ಅಣ್ಣಾ, ಇದನ್ನ ಮೆನು ಕಾರ್ಡಿನ ಹಿಂದೆ ಅಚ್ಚು ಹಾಕಿಸ್ಲಾ?" ಎಂದು ಕೇಳಿದಳು. ಅಚ್ಚಾಯಿತು. ಹೆಸರಿಲ್ಲ, "ನಮ್ಮ ಹಳೆಯ ಗಿರಾಕಿಯೊಬ್ಬರು ಹೇಳಿದ್ದು" ಅಂತ ಮಾತ್ರ. ಅವನು ಒಂದು ಕಾರ್ಡನ್ನು ಮನೆಗೆ ತಂದು ಕನ್ನಡಿಯ ಪಕ್ಕ ಸಿಕ್ಕಿಸಿಕೊಂಡಿದ್ದ.

ಹೀಗಿರುವಾಗ ಮಗಳ ಫೋನು ಬಂತು. ಈ ಊರಿನಲ್ಲಿ ಏನೋ ಕೆಲಸವಿದೆಯಂತೆ, ಮಗುವನ್ನೂ ಕರೆದುಕೊಂಡು ಬರುತ್ತಾಳಂತೆ. "ಮಧ್ಯಾಹ್ನ ಜೊತೇಲಿ ಊಟ ಮಾಡೋಣ ಅಪ್ಪಾ. ನೀವು ಊಟ ಮಾಡೋ ಜಾಗದಲ್ಲೇ ಮಾಡೋಣ. ನನಗೇನೂ ತೊಂದರೆ ಇಲ್ಲ." ಆ ಕೊನೆಯ ಮಾತನ್ನು ಅವನು ಪೈಪಿನಂಗಡಿಯಲ್ಲಿ ನಾಲ್ಕು ಜನರಿಗೆ ಹೇಳಿದ. ಎರಡು ದಿನ ಮುಂಚೆ ಹೋಟೆಲಿಗೆ ಹೋಗಿ ಕಿಟಕಿ ಪಕ್ಕದ ಮೇಜು ಹೇಳಿಬಂದ. ಉಗುರಿನ ಸಂದಿಯ ಎಣ್ಣೆಕಪ್ಪು ಹೋಗುವ ತನಕ ಬ್ರಷ್ಷಿನಲ್ಲಿ ತಿಕ್ಕಿದ.

ಮಗಳು ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಮೊಮ್ಮಗನಿಗೆ ಐದು ತಿಂಗಳು. ಅಜ್ಜನ ಮೂಗು ಹಿಡಿದುಕೊಂಡು ಬಿಡಲೇ ಇಲ್ಲ. ಕುಂಬಳಕಾಯಿ ಸೂಪು ಬಂತು, ಮಗಳು ಎರಡು ಚಮಚ ಕುಡಿದು, "ಚೆನ್ನಾಗಿದೆ ಅಪ್ಪಾ, ನಿಜವಾಗ್ಲೂ" ಎಂದಳು. ಇಡೀ ಮೂರು ವರ್ಷದಲ್ಲಿ ಅವನು ಕೇಳಿದ ಒಳ್ಳೆಯ ಮಾತು ಅದೊಂದೇ. ಅಷ್ಟರಲ್ಲಿ ಮಗು ಅಳತೊಡಗಿತು. ಮಗಳು ಬ್ಯಾಗಿನಿಂದ ಬಾಟಲಿ ತೆಗೆದಳು, ಪುಡಿಯ ಡಬ್ಬಿ ತೆಗೆದಳು, ಯಜಮಾನಿಯನ್ನು ನೋಡಿ, "ಒಂಚೂರು ಬಿಸಿನೀರು ಕೊಡ್ತೀರಾ?" ಎಂದಳು.

ಯಜಮಾನಿ ಬಿಸಿನೀರು ತರಲಿಲ್ಲ. ಡಬ್ಬಿಯನ್ನು ಕೈಗೆತ್ತಿಕೊಂಡು, ತಿರುಗಿಸಿ, ಸಣ್ಣ ಅಕ್ಷರ ಓದಿದಳು.

"ಇದು ಹಾಲಿನ ಪುಡಿ. ಇದು ಇಲ್ಲಿ ಆಗಲ್ಲ."

"ಮಗುವಿಗೆ ರೀ."

"ಗೊತ್ತಾಯ್ತು. ಸೋಯಾದ್ದು ಸಿಗುತ್ತೆ."

"ಅದು ಕೊಟ್ಟು ನೋಡಿದ್ವಿ, ವಾಂತಿ ಮಾಡ್ಕೋತಾನೆ. ನನಗೆ..." ಮಗಳು ಪಕ್ಕದ ಮೇಜಿನವರ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನನಗೆ ಎದೆಹಾಲು ಬರ್ಲಿಲ್ಲ. ಡಾಕ್ಟ್ರು ಇದನ್ನೇ ಕೊಡಿ ಅಂದಿದ್ದಾರೆ."

"ಹೊರಗೆ ಬೆಂಚಿದೆ, ಅಲ್ಲಿ ಕೂತು ಕುಡಿಸಿ ಬನ್ನಿ" ಎಂದಳು ಯಜಮಾನಿ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. ಮೇಜಿನ ಮೇಲಿದ್ದ ಮೆನು ಕಾರ್ಡನ್ನು ಬೋರಲು ತಿರುಗಿಸಿ ಮಗಳ ಮುಂದೆ ಸರಿಸಿದಳು. "ಇದನ್ನೊಂದ್ಸಲ ಓದಿ. ನಾನು ಬರೆದದ್ದಲ್ಲ. ನಿಮ್ಮಪ್ಪನೇ ಹೇಳಿದ್ದು."

ಮಗಳು ಓದಿದಳು. ಮಗು ಮಡಿಲಲ್ಲಿ ಕಿರುಚುತ್ತಲೇ ಇತ್ತು. ಓದಿ ಮುಗಿಸಿ ಅವಳು ಅಪ್ಪನ ಮುಖ ನೋಡಿದಳು. ಸಿಟ್ಟಿನಿಂದಲ್ಲ, ಏನಾದರೂ ಹೇಳುತ್ತಾನೇನೋ ಎಂದು ಕಾದಳು. ಹೇಳಬೇಕಾದದ್ದು ಏನು ಮಹಾ? "ಬಿಸಿನೀರು ಕೊಡಮ್ಮ" ಎಂಬ ಎರಡು ಮಾತು. ಅದು ಅವನ ಬಾಯಿಗೆ ಬಂದಿತ್ತು ಕೂಡ. ಆದರೆ ಬಿಸಿ ತುಪ್ಪ ಬಾಯಿಗೆ ಬಿದ್ದವನ ಪಾಡು ಅವನದು, ತುಪ್ಪ ಬಿಟ್ಟು ಒಂಬತ್ತು ವರ್ಷವಾಗಿದ್ದರೂ. ಕಾರ್ಡಿನಲ್ಲಿದ್ದ ಒಂದಕ್ಷರವೂ ಸುಳ್ಳಲ್ಲ. ಈ ಮೊಮ್ಮಗನ ಹಸಿವೂ ಸುಳ್ಳಲ್ಲ. ಮಗಳ ಮದುವೆಯಲ್ಲಿ ತಾನು ನಿಂತು ಮಾತಾಡಿದ ದನಿಯೇ ಈಗ ಇನ್ನೊಬ್ಬರ ಬಾಯಿಂದ ಬಂದು ಅದೇ ಮಗಳಿಗೆ ಬಡಿಯುತ್ತಿದೆ ಎಂಬುದು ಅವನಿಗೆ ಹೊಳೆಯಿತು. ಅವನು ಸೂಪಿನ ಚಮಚವನ್ನೇ ನೋಡುತ್ತ ಕೂತ.

ಮಗಳು ಡಬ್ಬಿ, ಬಾಟಲಿ, ಮಗು ಎಲ್ಲ ಎತ್ತಿಕೊಂಡು ಎದ್ದಳು. ಅವನು ಬೆಂಚಿನ ತನಕ ಹೋಗುವಷ್ಟರಲ್ಲಿ ಬೆಂಚು ಖಾಲಿಯಿತ್ತು. ಬಸ್ ಸ್ಟಾಪಿನ ತನಕ ಹೋದ, ಅಲ್ಲೂ ಇರಲಿಲ್ಲ. ವಾಪಸ್ ಬಂದಾಗ ಯಜಮಾನಿ, "ಕೂತ್ಕೊಳ್ಳಿ ಅಣ್ಣಾ, ಆರಿಹೋಗುತ್ತೆ" ಎಂದಳು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು: ಅವನು ಕೂತು ತಿಂದ.

ಮಾರನೇ ದಿನದಿಂದ ಹೋಗಲಿಲ್ಲ. ಹದಿನಾರು ದಿನ ಅವನು ಪೈಪಿನಂಗಡಿಯ ಹಿಂದಿನ ಗೋದಾಮಿನಲ್ಲಿ, ಪೈಪುಗಳ ರಾಶಿಯ ಮೇಲೆ ಕೂತು, ಡಬ್ಬಿಯಲ್ಲಿ ತಂದ ಬ್ರೆಡ್ಡು, ಬೇಯಿಸಿದ ಬೀನ್ಸು ತಿಂದ. ಒಂಬತ್ತನೇ ದಿನ ಯಜಮಾನಿಯ ಫೋನು ಬಂತು. ಕ್ಷಮೆ ಗಿಮೆ ಏನೂ ಇಲ್ಲ. "ಸಿಂಕು ಕಟ್ಕೊಂಡಿದೆ ಅಣ್ಣಾ. ನೀವೂ ಬರೋದು ಬಿಟ್ರೆ ಈ ಅಂಗಡಿಗೆ ಇನ್ಯಾರಿದ್ದಾರೆ?" ಅವನು, ಮೈ ಸರಿಯಿಲ್ಲ ಎಂದ.

ತಾನು ಬಿಟ್ಟದ್ದು ಮಗಳಿಗೆ ತಿಳಿಯಬೇಡವೇ? ಹದಿನಾರನೇ ದಿನ ಧೈರ್ಯ ಮಾಡಿ ಫೋನು ಮಾಡಿದ. ಇಪ್ಪತ್ತಾರು ವರ್ಷದ ಕೆಲಸ ಬಿಟ್ಟಾಗಲೂ ಇಷ್ಟು ಧೈರ್ಯ ಬೇಕಾಗಿರಲಿಲ್ಲ.

"ಅಲ್ಲಿಗೆ ಹೋಗೋದು ಬಿಟ್ಟುಬಿಟ್ಟೆ ಕಣಮ್ಮಾ. ಇನ್ನು ಹೋಗಲ್ಲ."

ಆ ಕಡೆ ನೀರು ಸುರಿಯುವ ಸದ್ದು, ಬಾಟಲಿ ತೊಳೆಯುತ್ತಿದ್ದಳೋ ಏನೋ.

"ಯಾಕೆ ಬಿಟ್ರಿ?"

"ಆಕೆ ನಿನಗೆ ಹಾಗಂದಳಲ್ಲ."

"ಅಪ್ಪಾ, ಆಕೆ ಯಾರು ನನಗೆ? ದಾರೀಲಿ ಸಿಕ್ಕಿದ ಹೆಂಗಸು. ಅವಳ ಮೇಲೆ ನನಗ್ಯಾಕೆ ಸಿಟ್ಟು." ಮಗಳ ದನಿಯಲ್ಲಿ ಜಗಳವಿರಲಿಲ್ಲ, ಅದಕ್ಕೇ ಅವನಿಗೆ ಹೆದರಿಕೆಯಾಯಿತು. "ನಾನು ನಿಮ್ಮ ಮುಖ ನೋಡ್ತಾ ಇದ್ದೆ. ಮದುವೇಲಿ ಯಾರಿಗೂ ಬೇಡದಿದ್ರೂ ಮಾತಾಡಿದ್ರಿ. ಅವತ್ತು ಹೋಟೆಲಲ್ಲಿ ಮಾತಾಡ್ಲಿ ಅಂತ ಕಾದೆ, ಮಾತಾಡ್ಲಿಲ್ಲ. ನೀವು ಹೋಟೆಲಿಗೆ ಹೋಗಿ, ಬಿಡಿ, ನನಗೇನಾಗಬೇಕು ಅದರಿಂದ? ಊಟ ಸರಿಯಾಗಿ ಮಾಡಿ. ಇಡ್ತೀನಿ, ಮಗು ಎದ್ದ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆಮೇಲೆ ಅವನು ಎರಡು ಸಲ ಫೋನು ಮಾಡಿದ, ಅವಳು ಎತ್ತಲಿಲ್ಲ. ಮಗಳಿಗೋಸ್ಕರ ಬಿಟ್ಟದ್ದು ಮಗಳಿಗೇ ಬೇಕಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಕಾಲು ತಾವಾಗಿ ಮೂರು ತಿರುವು ದಾಟಿದವು. ಎಂಟು ಮೇಜೂ ಖಾಲಿ. ಅವನು ಕಟ್ಟಿಕೊಂಡಿದ್ದ ಸಿಂಕು ಬಿಚ್ಚಿ, ಜಿಡ್ಡು ತೆಗೆದು, ಕೈ ತೊಳೆದು ಬಾಗಿಲ ಪಕ್ಕದ ಮೇಜಿಗೆ ಬಂದು ಕೂತ. ಯಜಮಾನಿ ತಟ್ಟೆ ತಂದಿಟ್ಟಳು.

"ಆ ಕಾರ್ಡಿಂದ ನನ್ನ ಮಾತು ತೆಗೆಸಿಬಿಡಮ್ಮ" ಎಂದ.

"ಯಾಕಣ್ಣಾ, ಅದರಲ್ಲಿ ಸುಳ್ಳೇನಾದ್ರೂ ಇದೆಯಾ?"

ಅವನು ಯೋಚಿಸಿದ. "ಇಲ್ಲ."

"ಮತ್ತೆ?" ಎಂದಳು. "ನಾನು ಒಬ್ಬರಿಗೆ ಪರವಾಗಿಲ್ಲ ಅಂದ್ರೆ, ನಾಳೆ ಇನ್ನೊಬ್ಬರಿಗೂ ಅನ್ಬೇಕು. ಆಮೇಲೆ ಈ ಅಂಗಡಿ ಯಾಕಿರಬೇಕು?" ಆಕೆಯ ಕಣ್ಣು ಕೆಂಪಗಿದ್ದವು. ಅತ್ತಿದ್ದಳೋ, ನಿದ್ದೆಯಿರಲಿಲ್ಲವೋ, ಅವನು ಕೇಳಲಿಲ್ಲ. ಆಕೆ ಒಳಗೆ ಹೋದಳು. ಅವನು ತಿನ್ನತೊಡಗಿದ. ಕಡಲೆ, ಸೊಪ್ಪು, ಬಿಸಿ ಬ್ರೆಡ್ಡು. ಹಾಳಾದ್ದು, ಎಂದಿನಷ್ಟೇ ರುಚಿಯಾಗಿತ್ತು.

ಅರ್ಧ ತಿಂದಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಮಗುವಿನ ತಳ್ಳುಗಾಡಿ. ಗಾಡಿಯ ಜೇಬಿನಲ್ಲಿ ಬಾಟಲಿ, ಅದರಲ್ಲಿ ಅರ್ಧದ ತನಕ ಬೆಳ್ಳಗೆ. ಹಿಂದೆ ಗಂಡ, ಅವನ ಹಿಂದೆ ಅವನ ಅಪ್ಪ ಅಮ್ಮ ಇರಬೇಕು. ನಾಲ್ಕು ಜನರ ಊಟ, ಆ ಅಂಗಡಿ ಒಂದು ವಾರ ಕಂಡಿರದ ಜನ.

"ಇಲ್ಲಿ ಊಟ ಚೆನ್ನಾಗಿರುತ್ತಂತೆ, ಹೌದಾ?" ಎಂದಳು ಆಕೆ. "ಮಗು ಇದೆ, ಪರವಾಗಿಲ್ವಾ?"

ಅವನು ಬಾಟಲಿ ನೋಡಿದ, ಅಡುಗೆಮನೆಯ ಪರದೆ ನೋಡಿದ. ಒಳಗೆ ಪಾತ್ರೆ ಉಜ್ಜುವ ಸದ್ದು ಕೇಳುತ್ತಿತ್ತು.

"ಇವತ್ತು ರಜಾ" ಎಂದ.

"ನೀವು ಊಟ ಮಾಡ್ತಿದ್ದೀರಲ್ಲ?"

"ನಾನು ನಲ್ಲಿ ರಿಪೇರಿಗೆ ಬಂದವನು. ಮುಂದಿನ ಬೀದೀಲಿ ಬೇರೆ ಹೋಟೆಲಿದೆ, ಹೋಗಿ ತಾಯಿ."

ಅವರು ಹೋದರು. ಯಜಮಾನಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಯಾರೋ ಮಾತಾಡಿದ ಹಾಗಾಯ್ತು?"

"ದಾರಿ ಕೇಳಿದ್ರು."

ಆಕೆ ಬಾಗಿಲ ತನಕ ಹೋಗಿ ಬೀದಿಯ ಎರಡೂ ಕಡೆ ನೋಡಿ, ಬಂದು ಅವನೆದುರು ಕೂತಳು. "ಇವತ್ತೂ ಯಾರೂ ಬರ್ಲಿಲ್ಲ ನೋಡಿ ಅಣ್ಣಾ."

"ನಾಳೆ ಬರ್ತಾರೆ ಬಿಡಮ್ಮ" ಎಂದ ಅವನು, ತಟ್ಟೆಯಿಂದ ತಲೆ ಎತ್ತದೆ.

ಆಕೆ ಅದನ್ನು ನಂಬಿದಳು. ಎದ್ದು, ನಾಳೆಗೆಂದು ಎರಡು ಲೋಟ ಕಡಲೆ ಹೆಚ್ಚಿಗೆ ನೆನೆಹಾಕಲು ಒಳಗೆ ಹೋದಳು.