ಬೀಗರಿಗೆಂದು ಎತ್ತಿಟ್ಟ ತುಂಡು

ಮಕ್ಕಳೇ, ನಾನು ಹಳ್ಳಿ ಶಾಲೆಯಲ್ಲಿ ಕಲಿತದ್ದು ಕನ್ನಡ. ಬಾಯಿಬಿಟ್ಟು ಹೇಳಲು ಬಾರದ್ದನ್ನು ಅದರಲ್ಲೇ ಬರೆದಿಡುತ್ತೇನೆ.

ಹಂದಿಮಾಂಸ ನನಗೆ ಹೊಸದಲ್ಲ. ಕೊಡಗಿನವಳು ನಾನು. ಚರ್ಮ, ಕೊಬ್ಬು ಸಮೇತ ಸಣ್ಣಗೆ ಕತ್ತರಿಸಿ, ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿ ಹಾಕಿ ಬೇಯಿಸುವುದು ಕೈಗೆ ಹತ್ತಿದ ಕೆಲಸ. ಆದರೆ ಇಡೀ ಭುಜದ ಭಾಗವನ್ನು ಮೂಳೆ ಸಹಿತ ಓವನ್ನಿನಲ್ಲಿಟ್ಟು ಅರ್ಧ ದಿನ ಕಾಯುವುದನ್ನು ಕಂಡದ್ದು ಸ್ಯಾನ್ ಡಿಯಾಗೊದ ನಿಮ್ಮ ಮನೆಯಲ್ಲೇ. ಪೋರ್ಟೊ ರಿಕೊ ದ್ವೀಪದವರು ಅದನ್ನು ಪೆರ್ನಿಲ್ ಎನ್ನುತ್ತಾರೆ. ನಿಮ್ಮಪ್ಪನ ಮನೆಯಲ್ಲಿ ಅದನ್ನು ಮಾಡುತ್ತಿದ್ದವರು ಅವನ ತಂದೆ, ನಿಮ್ಮ ಅಬುವೇಲೊ.

ಅವರು ಕೊರೊನಾ ಕಾಲದಲ್ಲಿ ತೀರಿಕೊಂಡರು. ಮರುವರ್ಷ ಅವರ ಹೆಂಡತಿ, ನಿಮ್ಮ ಅಬುವೇಲ, ಲಾಸ್ ಏಂಜಲಿಸ್‌ನ ಮನೆ ಖಾಲಿ ಮಾಡಿ, ಒಬ್ಬರೇ ದ್ವೀಪಕ್ಕೆ ಹೋಗಿಬಿಡುತ್ತೇನೆಂದು ವಿಮಾನದ ಟಿಕೆಟ್ ಮಾಡಿಸಿಕೊಂಡರು. ಹೊರಡುವ ಮೊದಲು ಎರಡು ದಿನ ನಮ್ಮಲ್ಲಿ ಇರಲು ಒಪ್ಪಿದ್ದರು. ಆ ಎರಡು ದಿನದಲ್ಲಿ ತಾಯಿಯನ್ನು ಇಲ್ಲೇ ಉಳಿಸಿಕೊಳ್ಳಬೇಕೆಂಬುದು ನಿಮ್ಮಪ್ಪನ ಹಟ. ಫೋನಿನಲ್ಲಿ ಹೇಳಿ ಹೇಳಿ ಸೋತಿದ್ದ. ಇನ್ನು ತಂದೆಯ ಅಡುಗೆಯನ್ನು ಮಾಡಿ ಬಡಿಸುವುದೊಂದೇ ಉಳಿದದ್ದು. ಅದನ್ನು ಅವನು ಎಂದೂ ಮಾಡಿದವನಲ್ಲ.

ಹಿಂದಿನ ದಿನವೇ ಮಾಂಸಕ್ಕೆ ಚಾಕುವಿನಿಂದ ಚುಚ್ಚಿ, ಬೆಳ್ಳುಳ್ಳಿ, ಉಪ್ಪು, ಕರಿಮೆಣಸು, ಓರೆಗಾನೊ ಕುಟ್ಟಿ ತುಂಬಿದ. ಆ ಒಣ ಎಲೆಯಲ್ಲಿ ನಮ್ಮ ದೊಡ್ಡಪತ್ರೆಯ ವಾಸನೆಯಿತ್ತು. ಚರ್ಮಕ್ಕೆ ಬರೀ ಉಪ್ಪು ಸವರಿ ಒಣಗಲು ಬಿಟ್ಟ.

“ಚರ್ಮ ಹಪ್ಪಳದ ಥರ ಆಗ್ಬೇಕವ್ವ, ಇಲ್ಲಾಂದ್ರೆ ಅವರ ಲೆಕ್ಕದಲ್ಲಿ ಅದು ಪೆರ್ನಿಲ್ಲೇ ಅಲ್ಲ,” ಅಂದಳು ನಿಮ್ಮಮ್ಮ.

ಬೆಳಿಗ್ಗೆ ಮಾಂಸವನ್ನು ಸಣ್ಣ ಉರಿಗಿಟ್ಟು, ನಿಮ್ಮಿಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ನಿಮ್ಮಪ್ಪ, ಅಮ್ಮ ಅಬುವೇಲರನ್ನು ಕರೆತರಲು ಲಾಸ್ ಏಂಜಲಿಸ್‌ಗೆ ಹೊರಟರು. ಗಂಡಹೆಂಡಿರು ಒಟ್ಟಿಗೆ ಹೋಗಿ ಕರೆದರೇ ಮರ್ಯಾದೆ ಎಂದವಳು ನಾನೇ.

“ನೀನು ಓವನ್ ಮುಟ್ಟೋದೇ ಬೇಡ. ಕೊನೇಲಿ ಹೀಟ್ ಜಾಸ್ತಿ ಮಾಡೋದು ನಾವು ಬಂದ್ಮೇಲೆ,” ಎಂದು ನಿಮ್ಮಮ್ಮ ಬಾಗಿಲಲ್ಲೂ ಹೇಳಿದಳು.

ಮಧ್ಯಾಹ್ನ ಕಳೆದು ಫೋನ್ ಬಂತು.

“ಅವ್ವಾ, ಫ್ರೀವೇನಲ್ಲಿ ಆಕ್ಸಿಡೆಂಟ್ ಆಗಿದೆ. ಗಾಡಿ ಅಲ್ಲಾಡ್ತಾನೇ ಇಲ್ಲ. ಈಗ ನೀನೇ ಮಾಡ್ಬೇಕು.”

“ನಾನಾ?”

“ಮತ್ತೆ ಪಕ್ಕದ್ಮನೆ ಆಂಟೀನ ಕರೀಲಾ? ಮೇಲೆ ಮುಚ್ಚಿರೋ ಫಾಯಿಲ್ ಹಾಳೆ ತೆಗಿ, ನಾನು ಹೇಳೋ ನಂಬರ್ ಬರೋವರೆಗೂ ಬಟನ್ ಒತ್ತು. ಕಪ್ಪಾದ್ರೆ ಮುಗೀತು, ಪಕ್ಕದಲ್ಲೇ ನಿಂತಿರು.”

ಆ ಗಾಜಿನ ಬಟನ್‌ಗಳನ್ನು ನಾನು ಒರೆಸಿದ್ದೆನೇ ಹೊರತು ಒತ್ತಿದವಳಲ್ಲ. ಒತ್ತಿದೆ. ಸ್ವಲ್ಪ ಹೊತ್ತಿಗೆ ಕೊಬ್ಬು ಚಟಪಟ ಸಿಡಿಯತೊಡಗಿತು, ಓವನ್ನಿನ ಬಾಗಿಲ ಸಂದಿಯಿಂದ ಹೊಗೆ ಬಂತು. ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಕಿರುಚಿಕೊಂಡಿತು. ಒಂದು ಕೈಯಲ್ಲಿ ಟವೆಲ್ ಬೀಸುತ್ತಾ, ಬಗ್ಗಿ ಗಾಜಿನೊಳಗೆ ನೋಡಿದೆ. ಚರ್ಮದ ಮೇಲೆ ಗುಳ್ಳೆ ಏಳುತ್ತಿದ್ದವು. ಒಂದು ಅಂಚು ಕಂದಾಗಿತ್ತು, ಇನ್ನೊಂದು ಅಂಚು ಇನ್ನೂ ಬೆಳ್ಳಗೆ. ಆರಿಸಿದರೆ ಅರೆಬರೆ, ಬಿಟ್ಟರೆ ಇದ್ದಿಲು. ಬೆಳ್ಳಗಿದ್ದದ್ದಕ್ಕೆ ಬಣ್ಣ ತಿರುಗುವವರೆಗೆ ಉಸಿರು ಬಿಗಿಹಿಡಿದು ನಿಂತು, ಆರಿಸಿದೆ. ಬೆರಳಿನಿಂದ ತಟ್ಟಿದರೆ ಟಕ್ ಎಂದಿತು.

ಆಮೇಲೆ ನಾನು ಮಾಡಿದ ಕೆಲಸವೇ ಬೇರೆಯಾಯಿತು.

ನಮ್ಮಲ್ಲಿ ಹಿರಿಯರಿಗೆ ಮೀದಿ ಇಡುವುದುಂಟು. ಹಬ್ಬದಡುಗೆಯನ್ನು ಯಾರೂ ಬಾಯಿಗಿಡುವ ಮೊದಲು, ತೀರಿಕೊಂಡವರ ಹೆಸರಿನಲ್ಲಿ ಅನ್ನ, ಮಾಂಸ, ಒಂದು ಗುಟುಕು ಹೆಂಡ ದೀಪದ ಮುಂದಿಡಬೇಕು. ಈ ಅಡುಗೆ ಬೀಗರದ್ದು, ಅವರಿಗಿಡದೆ ಬಡಿಸುವುದು ಹೇಗೆ? ಆದರೆ ಬಂದವರ ಎದುರಿಗೆ ದೀಪ ಹಚ್ಚಿ ನಿಲ್ಲಲು ನನಗೆ ನಾಚಿಕೆ. ಅದಕ್ಕೇ ಅವರು ಬರುವ ಮೊದಲೇ ಚರ್ಮದ ಒಂದು ಮೂಲೆ ಮುರಿದು, ಕೆಳಗಿನ ಮಾಂಸ ಸೇರಿಸಿ, ನನ್ನ ಕೋಣೆಗೆ ಒಯ್ದೆ.

ಕಾರು ಬಂತು. ಅಬುವೇಲ ಕೈಚೀಲವನ್ನೂ ಇಳಿಸದೆ ವಾಸನೆ ಹಿಡಿದು ನೇರ ಅಡುಗೆಮನೆಗೆ ನಡೆದರು. ಮಾಂಸವನ್ನು ನೋಡಿದರು. ಮುಖ ಅರಳುತ್ತಾ ಇದ್ದದ್ದು ಆ ಮುರಿದ ಮೂಲೆ ಕಂಡು ನಿಂತಿತು. ಅವರು ಸ್ಪ್ಯಾನಿಷಿನಲ್ಲಿ ಅಂದದ್ದನ್ನು ನಿಮ್ಮಪ್ಪ ಇಂಗ್ಲಿಷಿಗೆ, ನಿಮ್ಮಮ್ಮ ಕನ್ನಡಕ್ಕೆ ತಂದರು. ಎರಡು ಭಾಷೆ ದಾಟಿ ಬಂದರೂ ಸಿಟ್ಟು ಸಿಟ್ಟಾಗಿಯೇ ಇತ್ತು.

“ಚರ್ಮ ಯಾರು ಕಿತ್ತಿದ್ದು ಅಂತಿದ್ದಾರವ್ವ. ಎಲ್ಲರೂ ಕೂತ್ಮೇಲೆ ಅಬುವೇಲೊನೇ ಮುರಿದು ಹಂಚ್ತಿದ್ರಂತೆ. ಅದಕ್ಕೆ ಮುಂಚೆ ಯಾರೂ ಮುಟ್ಟೋ ಹಾಗಿಲ್ವಂತೆ. ಹಸಿವಾಗಿದ್ರೆ ಮನೇಲಿ ಬಾಳೆಹಣ್ಣು ಇರ್ಲಿಲ್ವಾ ಅಂತ ಕೇಳ್ತಿದ್ದಾರೆ.”

ನಿಮ್ಮಪ್ಪ ಎರಡು ಸೂಟ್‌ಕೇಸ್‌ಗಳಲ್ಲಿ ಒಂದನ್ನು ಹಿಡಿದು ಹೊಸ್ತಿಲಲ್ಲಿದ್ದ. ಅಬುವೇಲ ಅವನತ್ತ ತಿರುಗಿ ಕಾರಿನ ಕಡೆಗೆ ಕೈ ಬೀಸಿದರು. ಅದನ್ನು ಯಾರೂ ಕನ್ನಡಕ್ಕೆ ತರಬೇಕಿರಲಿಲ್ಲ. ಅವನು ಸೂಟ್‌ಕೇಸನ್ನು ಮತ್ತೆ ಕಾರಿಗೆ ಒಯ್ದ.

ನಾನು ಅಬುವೇಲರ ಮಣಿಕಟ್ಟು ಹಿಡಿದೆ. ಹಾಗೆ ಯಾರನ್ನೂ ಹಿಡಿದವಳಲ್ಲ. ಕೋಣೆಗೆ ಕರೆತಂದೆ. ದೀಪದ ಹಿಂದೆ ನನ್ನ ಯಜಮಾನರ, ಅಂದರೆ ನಿಮ್ಮ ತಾತನ ಫೋಟೋ, ಪಕ್ಕದಲ್ಲಿ ಅಬುವೇಲೊ ಅವರದು. ಇಬ್ಬರೂ ಬದುಕಿದ್ದಾಗ ಒಬ್ಬರನ್ನೊಬ್ಬರು ಕಂಡಿರಲಿಲ್ಲ. ಇಬ್ಬರ ಮುಂದೆಯೂ ಅನ್ನ, ಮಾಂಸ, ಸಣ್ಣ ಲೋಟದಲ್ಲಿ ರಮ್. ಚರ್ಮದ ತುಂಡು ಮಾತ್ರ ಬೀಗರ ತಟ್ಟೆಯಲ್ಲಿ.

ನಿಮ್ಮಮ್ಮ ಬಾಗಿಲಲ್ಲಿ ನಿಂತು ಮೀದಿಯ ವಿಷಯ ಹೇಳಿದಳು. ನಿಮ್ಮಪ್ಪ ಅದನ್ನು ತಾಯಿಗೆ ಹೇಳಿದ. ಅಬುವೇಲ ತಟ್ಟೆಯತ್ತ ಬಗ್ಗಿ ನೋಡಿದರು. ನನ್ನ ಕೈಯನ್ನು ಬಿಡಿಸಿಕೊಂಡರು. ಇನ್ನು ಹೊರಟೇಬಿಟ್ಟರು ಅಂದುಕೊಂಡೆ.

ಅಡುಗೆಮನೆಯಲ್ಲಿ ಚರ್ಮ ಮುರಿದ ಸದ್ದಾಯಿತು. ಕೈಯಲ್ಲಿ ಬೇರೊಂದು ತುಂಡು ಹಿಡಿದು ಬಂದರು.

“ಅಬುವೇಲೊಗೆ ಮೂಲೆ ತುಂಡು ಸೇರ್ತಿರ್ಲಿಲ್ವಂತೆ,” ನಿಮ್ಮಮ್ಮ ಮೆಲ್ಲಗೆ ಅಂದಳು, “ಮೂಳೆ ಹತ್ತಿರದ್ದೇ ಬೇಕಿತ್ತಂತೆ. ಆ ಮೂಲೆ ತುಂಡು ನಿಮ್ಮವರಿಗಿರ್ಲಿ ಅಂತಿದ್ದಾರೆ.”

ಹಾಗೆಯೇ ಬದಲಾಯಿಸಿಟ್ಟರು. ಆಮೇಲೆ ಮೇಜಿನ ತುದಿಯಲ್ಲಿ ನಿಂತು ಉಳಿದ ಚರ್ಮವನ್ನು ಮುರಿದು ಎಲ್ಲರಿಗೂ ಹಂಚಿದರು. ನೀವಿಬ್ಬರೂ ಕರುಂಕುರುಂ ಅಗಿಯತೊಡಗಿದಿರಿ. ಅವರು ಒಂದು ತುತ್ತು ತಿಂದು, ಇನ್ನೊಂದು ತಿಂದು, ಮಗನ ಕಡೆ ನೋಡದೆ ಏನೋ ಅಂದರು.

ನಿಮ್ಮಪ್ಪ ಎದ್ದು ಹೊರಗೆ ನಡೆದ.

“ಏನಂದ್ರು? ಏನಂದ್ರು ಹೇಳು!” ನಿಮ್ಮಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದಳು.

ಅವನು ಎರಡೂ ಸೂಟ್‌ಕೇಸ್ ಹೊತ್ತು ಒಳಗೆ ಬಂದ ಮೇಲಷ್ಟೇ ಹೇಳಿದ. ಉಪ್ಪು ಕಡಿಮೆಯಾಗಿದೆ, ಕ್ರಿಸ್‌ಮಸ್‌ಗೆ ಇಲ್ಲಿ ನಾನೇ ಮಾಡ್ತೀನಿ, ಅಂದಿದ್ದರಂತೆ.